ಉಪ್ಪೂ ಸಕ್ಕರೆಯೂ ಕೂಡಿದಾಗ

ಹಬ್ಬದ ದಿನ ಸೌತೆಕಾಯಿ ಕೋಸಂಬರಿ ಮಾಡುವ ಗೃಹಿಣಿ ಉಪ್ಪನ್ನು ಮೊದಲೇ ಬೆರೆಸುವುದಿಲ್ಲ. ಹೆಚ್ಚಿದ ಸೌತೆಕಾಯಿ, ನೆನೆದ ಹೆಸರುಬೇಳೆ, ತೆಂಗಿನ ತುರಿ, ಇಂಗಿನ ಒಗ್ಗರಣೆ ಎಲ್ಲವೂ ಸಿದ್ಧವಾಗಿದ್ದರೂ ಉಪ್ಪು ಬೀಳುವುದು ಎಲೆ ಹಾಕುವ ಹೊತ್ತಿಗೇ. ಆತುರಪಟ್ಟು ಮೊದಲೇ ಬೆರೆಸಿದರೆ ಬಡಿಸುವ ವೇಳೆಗೆ ಸೌತೆಕಾಯಿ ನೀರು ಬಿಟ್ಟು ಸೊರಗಿರುತ್ತದೆ. ಅದೇ ಗೃಹಿಣಿ ಬೇಸಗೆಯಲ್ಲಿ ಮಾವಿನಕಾಯಿಯ ಹೋಳುಗಳನ್ನು ಜಾಡಿಗೆ ತುಂಬಿ, ಮೇಲೆ ಧಾರಾಳವಾಗಿ ಉಪ್ಪು ಸುರಿದು, ಕಾಯಿ ನೀರು ಬಿಡಲೆಂದೇ ದಿನಗಟ್ಟಲೆ ಕಾಯುತ್ತಾಳೆ. ಒಣಗಿ ಸುಕ್ಕುಗಟ್ಟಿದ ದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ನೀರು ಕುಡಿದು ಉಬ್ಬಿರುತ್ತದೆ.

ಮೂರು ಕಡೆಯೂ ನಡೆಯುವುದು ಒಂದೇ ನಿಯಮ. ನಡುವೆ ತೆಳ್ಳನೆಯ ಪೊರೆಯೊಂದಿದ್ದು, ಅದರ ಒಂದು ಕಡೆ ಉಪ್ಪೋ ಸಕ್ಕರೆಯೋ ಹೆಚ್ಚಾಗಿ ಕರಗಿದ್ದರೆ, ನೀರು ಆ ಕಡೆಗೆ ಹರಿಯುತ್ತದೆ. ಇದಕ್ಕೆ ಶಾಲೆಯ ಪುಸ್ತಕಗಳಲ್ಲಿ ಅಭಿಸರಣವೆಂದು ಹೆಸರು. ಫ್ರಾನ್ಸಿನ ಪಾದ್ರಿ ನೊಲೆ ಎಂಬವರು 1748ರಲ್ಲಿ ಪಾತ್ರೆಯೊಂದರಲ್ಲಿ ಮದ್ಯಸಾರವನ್ನು ತುಂಬಿ, ಬಾಯಿಗೆ ಪ್ರಾಣಿಯ ಮೂತ್ರಕೋಶದ ಚರ್ಮವನ್ನು ಬಿಗಿದು, ನೀರಿನಲ್ಲಿ ಮುಳುಗಿಸಿಟ್ಟರು. ನೀರು ಒಳಕ್ಕೆ ನುಗ್ಗಿ ಚರ್ಮ ಹೊರಕ್ಕೆ ಉಬ್ಬಿಕೊಂಡಿತು. ವಿಜ್ಞಾನದ ದೃಷ್ಟಿಗೆ ಈ ನಿಯಮ ಬಿದ್ದುದು ಹೀಗೆ. ಅಡುಗೆಮನೆಗಂತೂ ಅದು ಬಹಳ ಹಿಂದಿನಿಂದಲೂ ಗೊತ್ತಿತ್ತು.

ಕೋಸಂಬರಿಯ ರುಚಿಯನ್ನು ಕೆಡಿಸುವ ಅಥವಾ ಕಾಯುವ ಈ ನಿಯಮವೇ 1971ರ ಮಳೆಗಾಲದಲ್ಲಿ, ಬಂಗಾಳದ ಗಡಿಯ ಸಣ್ಣ ಆಸ್ಪತ್ರೆಯೊಂದರ ನೆಲದ ಮೇಲೆ, ಸಾವಿರಾರು ಜನರ ಸಾವು ಬದುಕನ್ನು ನಿರ್ಧರಿಸಿತು.

ಬಂಗಾಂವ್‌ನ ಎರಡು ಕೋಣೆಗಳು

ಆ ವರ್ಷ ಪೂರ್ವ ಪಾಕಿಸ್ತಾನದಲ್ಲಿ ಯುದ್ಧ ಹೊತ್ತಿಕೊಂಡಾಗ ಸುಮಾರು ಒಂದು ಕೋಟಿ ಜನ ಮನೆಮಠಗಳನ್ನು ಬಿಟ್ಟು ಭಾರತಕ್ಕೆ ಬಂದರು. ಕೊಳಕು ನೀರು, ಬಯಲು ವಾಸ, ಎಡೆಬಿಡದ ಮಳೆ. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಯ ಊರಾದ ಬಂಗಾಂವ್‌ನ ಸುತ್ತಮುತ್ತಲೇ ಜೂನ್ ತಿಂಗಳ ಕೊನೆಗೆ ಮೂರೂವರೆ ಲಕ್ಷ ನಿರಾಶ್ರಿತರು ಸೇರಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆಂದು ಇದ್ದುದು ಎರಡು ಕೋಣೆ, 16 ಹಾಸಿಗೆ.

ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನ ಕೇಂದ್ರದಿಂದ ಡಾ. ದಿಲೀಪ್ ಮಹಲನೋಬಿಸ್ ಅವರು ಸಣ್ಣ ತಂಡದೊಡನೆ ಅಲ್ಲಿಗೆ ಬಂದಾಗ ಎರಡೂ ಕೋಣೆಗಳ ನೆಲ ಕಾಣದಂತೆ ರೋಗಿಗಳು ಮಲಗಿದ್ದರು. ಅವರ ವಾಂತಿಭೇದಿಯ ನಡುವೆಯೇ ಮಂಡಿಯೂರಿ ಕುಳಿತು ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನು ಹರಿಸಬೇಕಾಗಿತ್ತು. ತಂಡದಲ್ಲಿ ಆ ಕೆಲಸದ ತರಬೇತಿಯಿದ್ದವರು ಇಬ್ಬರೇ. ಸಲೈನಿನ ಸೀಸೆಗಳು ಮುಗಿಯುತ್ತ ಬಂದಿದ್ದವು. ಈ ಹೋರಾಟದಲ್ಲಿ ಸೋಲುತ್ತಿದ್ದೇವೆಂಬುದು ಎರಡು ದಿನಗಳೊಳಗೆ ವೈದ್ಯರಿಗೆ ಮನವರಿಕೆಯಾಯಿತು.

ಆಗ ಮಹಲನೋಬಿಸ್ ಅವರು ಒಂದು ತೀರ್ಮಾನಕ್ಕೆ ಬಂದರು. ಉಪ್ಪು, ಗ್ಲೂಕೋಸು, ಅಡುಗೆ ಸೋಡ ಈ ಮೂರನ್ನು ನೀರಿನಲ್ಲಿ ಕದಡಿ ರೋಗಿಗಳಿಗೆ ಬಾಯಿಯ ಮೂಲಕವೇ ಕುಡಿಸುವುದು. ಕುಡಿಸುವವರು ದಾದಿಯರಲ್ಲ, ರೋಗಿಯ ತಾಯಿ, ಅಣ್ಣ, ಹೆಂಡತಿ, ಯಾರು ಪಕ್ಕದಲ್ಲಿದ್ದಾರೋ ಅವರು.

ಇಂದು ಇದು ಸಾಮಾನ್ಯವೆನಿಸಬಹುದು. ಅಂದು ಹಾಗಿರಲಿಲ್ಲ. ಕಾಲರಾ ರೋಗಿ ಕುಡಿದ ನೀರು ಹಾಗೆಯೇ ಹೊರಗೆ ಹೋಗುತ್ತದೆಂಬುದು ಎಲ್ಲರ ಅನುಭವ. ತೂತಾದ ಕೊಡಕ್ಕೆ ನೀರು ತುಂಬುವುದರಲ್ಲಿ ಅರ್ಥವೇನು? ಬರಿಯ ನೀರನ್ನು ಉಳಿಸಿಕೊಳ್ಳದ ಕರುಳು, ಅದರಲ್ಲಿ ಒಂದಿಷ್ಟು ಉಪ್ಪನ್ನೂ ಸಕ್ಕರೆಯನ್ನೂ ಬೆರೆಸಿದ ಮಾತ್ರಕ್ಕೆ ಉಳಿಸಿಕೊಳ್ಳುವುದೆಂತು? ಈ ಪ್ರಶ್ನೆಗೆ ಉತ್ತರ ಸಿಕ್ಕುವುದು ಕಣ್ಣಿಗೆ ಕಾಣದ ಜೀವಕೋಶದ ಹೊಸ್ತಿಲಿನಲ್ಲಿ.

ಎಣ್ಣೆಯ ಗೋಡೆ

ಮನುಷ್ಯನ ಶರೀರ ಲಕ್ಷಾಂತರ ಕೋಟಿ ಜೀವಕೋಶಗಳ ಕಟ್ಟಡ. ಪ್ರತಿಯೊಂದು ಕೋಶಕ್ಕೂ ಸುತ್ತ ಒಂದು ಪೊರೆ. ಅದರ ದಪ್ಪ ಸುಮಾರು ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಒಳಗಿನ ಜೀವರಸಕ್ಕೂ ಹೊರಗಿನ ದ್ರವಕ್ಕೂ ನಡುವೆ ಇರುವ ಎಲ್ಲೆ ಇಷ್ಟೇ.

ಈ ಗೋಡೆ ಎಣ್ಣೆಯ ಜಾತಿಯದು. ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು 1925ರಲ್ಲಿ ರಕ್ತದ ಕೆಂಪು ಕಣಗಳಿಂದ ಕೊಬ್ಬಿನಂಶವನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆ ಕಣಗಳ ಮೈಯ ವಿಸ್ತಾರಕ್ಕಿಂತ ಎರಡರಷ್ಟು ಸ್ಥಳವನ್ನು ಆವರಿಸಿತು. ಪೊರೆಯು ಎರಡು ಪದರಗಳದ್ದೆಂದು ಅವರು ತರ್ಕಿಸಿದರು. ಮುಂದಿನ ಸಂಶೋಧನೆಗಳು ಆ ತರ್ಕವನ್ನು ಸ್ಥಿರಪಡಿಸಿದವು.

ಎಣ್ಣೆಗೂ ನೀರಿಗೂ ಒಗ್ಗದೆಂಬುದು ಎಲ್ಲರೂ ಬಲ್ಲ ಸಂಗತಿ. ಪ್ರಾಣವಾಯು, ಇಂಗಾಲಾಮ್ಲ ಮುಂತಾದ ಅನಿಲಗಳು ಈ ಎಣ್ಣೆಯ ಗೋಡೆಯನ್ನು ತಡೆಯಿಲ್ಲದೆ ದಾಟುತ್ತವೆ. ಆದರೆ ನೀರಿನಲ್ಲಿ ಕರಗುವ ಉಪ್ಪಾಗಲಿ ಸಕ್ಕರೆಯಾಗಲಿ ತಾವಾಗಿಯೇ ದಾಟಲಾರವು. ಅವುಗಳಿಗೆ ಬಾಗಿಲು ಬೇಕು. ಆ ಬಾಗಿಲುಗಳೇ ಪೊರೆಯಲ್ಲಿ ಅಲ್ಲಲ್ಲಿ ಹುದುಗಿರುವ ಪ್ರೋಟೀನುಗಳು. ಒಂದೊಂದು ಬಾಗಿಲೂ ಒಂದೊಂದು ವಸ್ತುವಿಗೆ ಮೀಸಲು.

ನೀರಿಗೂ ಅದರದೇ ಬಾಗಿಲುಗಳುಂಟು. ಅಮೆರಿಕದ ಪೀಟರ್ ಆಗ್ರೆ ಅವರು ರಕ್ತದ ಬೇರೊಂದು ಪ್ರೋಟೀನನ್ನು ಹುಡುಕುತ್ತಿದ್ದಾಗ ಅನಿರೀಕ್ಷಿತವಾಗಿ ಇದು ಕೈಗೆ ಸಿಕ್ಕಿತು. ಅದನ್ನು ಕಪ್ಪೆಯ ಮೊಟ್ಟೆಯ ಪೊರೆಯಲ್ಲಿ ಮೂಡಿಸಿ, ಮೊಟ್ಟೆಯನ್ನು ಸಪ್ಪೆ ನೀರಿಗೆ ಹಾಕಿದಾಗ ಅದು ಭರದಿಂದ ನೀರು ಹೀರಿ ಒಡೆದುಹೋಯಿತು. 1992ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕಾಗಿ 2003ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಬಾಗಿಲಿದ್ದರೂ ನೀರಿಗೆ ತನ್ನದೇ ಇಚ್ಛೆಯಿಲ್ಲ. ಉಪ್ಪು, ಸಕ್ಕರೆ ಎತ್ತ ಹೆಚ್ಚೋ ನೀರು ಅತ್ತ.

ನಿಲ್ಲದ ಏತ

ಹೀಗಿದ್ದ ಮೇಲೆ ಕೋಶವು ನೀರು ಕುಡಿದು ಕುಡಿದು ಒಡೆಯದೆ ಉಳಿದಿರುವುದೇ ಆಶ್ಚರ್ಯ. ಕೋಶದ ಒಳಗೆ ಹೊರಕ್ಕೆ ಹೋಗಲಾರದ ಪ್ರೋಟೀನು ಮೊದಲಾದ ಪದಾರ್ಥಗಳು ತುಂಬಿವೆ. ಅವು ಸದಾ ನೀರನ್ನು ಒಳಕ್ಕೆ ಸೆಳೆಯುತ್ತಿರುತ್ತವೆ. ಹೊರಗಿನ ಉಪ್ಪೂ ಒಳಗೆ ಸೋರಿ ಸೇರಿದರೆ ಕೋಶದ ಗತಿ ಕಪ್ಪೆಯ ಮೊಟ್ಟೆಯ ಗತಿಯೇ.

ಇದನ್ನು ತಡೆಯುವುದು ಪೊರೆಯಲ್ಲಿರುವ ಒಂದು ಪಂಪು. ಅಡುಗೆಯ ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂಬ ವಿದ್ಯುದಂಶವುಳ್ಳ ಎರಡು ಬಗೆಯ ಕಣಗಳಾಗಿ ಬಿಡಿಯಾಗುತ್ತದೆ. ಈ ಪಂಪು ಒಳಗೆ ಸೋರಿಬಂದ ಸೋಡಿಯಂ ಕಣಗಳನ್ನು ಮೂರು ಮೂರಾಗಿ ಎತ್ತಿ ಹೊರಗೆ ಹಾಕುತ್ತದೆ. ಪ್ರತಿಯಾಗಿ ಎರಡೆರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ಇದರ ಫಲವಾಗಿ ಕೋಶದ ಹೊರಗೆ ಸೋಡಿಯಂ ಒಳಗಿರುವುದಕ್ಕಿಂತ ಸುಮಾರು ಹತ್ತುಪಟ್ಟು ಹೆಚ್ಚು. ಒಳಗೆ ಪೊಟ್ಯಾಸಿಯಂ ಹೊರಗಿರುವುದಕ್ಕಿಂತ ಮೂವತ್ತು ಪಟ್ಟು ಹೆಚ್ಚು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರು ಏಡಿಯ ನರಗಳನ್ನು ಅರೆದು ಪರೀಕ್ಷಿಸಿ 1957ರಲ್ಲಿ ಈ ಪಂಪಿನ ಸುಳಿವನ್ನು ಕೊಟ್ಟರು. ನಾಲ್ವತ್ತು ವರ್ಷಗಳ ಬಳಿಕ, 1997ರಲ್ಲಿ, ಅವರಿಗೂ ನೊಬೆಲ್ ಮನ್ನಣೆ ಸಂದಿತು.

ಸಮತೋಲವೆಂಬ ಮಾತು ಕೇಳಿದೊಡನೆ ಅಲುಗದೆ ನಿಂತ ತಕ್ಕಡಿಯ ಚಿತ್ರ ಮನಸ್ಸಿಗೆ ಬರುತ್ತದೆ. ಜೀವಕೋಶದ ಸಮತೋಲ ಅಂಥದಲ್ಲ. ಸಣ್ಣಗೆ ಒಸರುವ ದೋಣಿಯಲ್ಲಿ ಕುಳಿತ ಅಂಬಿಗ ಒಂದೇ ಸಮನೆ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದರೆ ಮಾತ್ರ ದೋಣಿ ತೇಲುತ್ತದಷ್ಟೆ! ಆತನ ಕೈ ನಿಂತರೆ ದೋಣಿ ಮುಳುಗಿತು. ಮನುಷ್ಯ ಸುಮ್ಮನೆ ಮಲಗಿರುವಾಗಲೂ ಅವನು ಉಂಡ ಅನ್ನದ ಶಕ್ತಿಯಲ್ಲಿ ಸುಮಾರು ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು ಈ ಪಂಪುಗಳ ದುಡಿಮೆಗೇ ವೆಚ್ಚವಾಗುತ್ತದೆ.

ಆದರೆ ಈ ವೆಚ್ಚ ವ್ಯರ್ಥವಲ್ಲ. ಹೊರಗೆ ಒತ್ತಿಹಿಡಿದ ಸೋಡಿಯಂ, ಕಟ್ಟೆಯ ಹಿಂದೆ ನಿಲ್ಲಿಸಿದ ನೀರಿನಂತೆ, ಒಳಕ್ಕೆ ನುಗ್ಗಲು ಸದಾ ಹವಣಿಸುತ್ತಿರುತ್ತದೆ. ತೂಬನ್ನು ತೆರೆದರೆ ಆ ರಭಸದಿಂದ ಬೇರೆ ಕೆಲಸವನ್ನೂ ಮಾಡಿಸಿಕೊಳ್ಳಬಹುದು. ಕರುಳಿನ ಕೋಶಗಳು ಮಾಡುವುದು ಇದನ್ನೇ.

ಜೋಡಿಗೆ ಮಾತ್ರ ತೆರೆಯುವ ಬಾಗಿಲು

ಕರುಳಿನ ಕೆಲಸದ ಪ್ರಮಾಣ ಅನೇಕರಿಗೆ ತಿಳಿಯದು. ಮನುಷ್ಯ ದಿನಕ್ಕೆ ಕುಡಿಯುವುದು ಎರಡು ಲೀಟರು ಇರಬಹುದು. ಆದರೆ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕದ ರಸ ಎಲ್ಲ ಸೇರಿ ದಿನವೊಂದಕ್ಕೆ ಎಂಟು ಒಂಬತ್ತು ಲೀಟರು ದ್ರವ ಕರುಳಿಗೆ ಇಳಿಯುತ್ತದೆ. ಅದರಲ್ಲಿ ಮಲದೊಡನೆ ಹೊರಗೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದುದನ್ನೆಲ್ಲ ಕರುಳಿನ ಒಳಮೈಯ ಕೋಶಗಳು ರಕ್ತಕ್ಕೆ ಮರಳಿಸುತ್ತವೆ. ಹಾಗೆ ಮರಳಿಸಲು ಅವು ನೀರನ್ನು ನೇರವಾಗಿ ಎಳೆಯಲಾರವು. ಮೊದಲು ಉಪ್ಪನ್ನೂ ಸಕ್ಕರೆಯನ್ನೂ ಒಳಗೆ ತೆಗೆದುಕೊಂಡರೆ ನೀರು ತಾನಾಗಿಯೇ ಹಿಂಬಾಲಿಸುತ್ತದೆ.

ಸಕ್ಕರೆಯನ್ನು ಒಳಗೆ ತರುವ ಬಗೆಯನ್ನು ವಿವರಿಸಿದವರು ಅಮೆರಿಕದ ರಾಬರ್ಟ್ ಕ್ರೇನ್. 1960ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿದ್ವತ್ಸಭೆಯಲ್ಲಿ ಅವರು ತಮ್ಮ ಊಹೆಯನ್ನು ಮುಂದಿಟ್ಟರು. ಕರುಳಿನ ಕೋಶದ ಪೊರೆಯಲ್ಲಿ ಒಂದು ವಿಶೇಷವಾದ ಬಾಗಿಲಿದೆ; ಗ್ಲೂಕೋಸು ಒಂಟಿಯಾಗಿ ಬಂದರೆ ಅದು ತೆರೆಯುವುದಿಲ್ಲ; ಸೋಡಿಯಂ ಒಂಟಿಯಾಗಿ ಬಂದರೂ ಇಲ್ಲ; ಎರಡೂ ಕೈಕೈ ಹಿಡಿದು ಬಂದರೆ ಒಟ್ಟಿಗೆ ಒಳಗೆ ಬಿಡುತ್ತದೆ. ಒಳಗೆ ನುಗ್ಗುವ ಸೋಡಿಯಮ್ಮಿನ ರಭಸವೇ ಗ್ಲೂಕೋಸನ್ನೂ ಸೆಳೆದೊಯ್ಯುತ್ತದೆ. ಒಂದು ಗ್ಲೂಕೋಸು ಕಣಕ್ಕೆ ಎರಡು ಸೋಡಿಯಂ ಕಣಗಳೆಂಬುದು ಈ ಬಾಗಿಲಿನ ಲೆಕ್ಕವೆಂದು ಮುಂದೆ ತಿಳಿಯಿತು. ಒಳಗೆ ಬಂದ ಸೋಡಿಯಮ್ಮನ್ನು ಕೋಶದ ಇನ್ನೊಂದು ಬದಿಯ ಪಂಪು ರಕ್ತದ ಕಡೆಗೆ ಎತ್ತಿಹಾಕುತ್ತದೆ. ಗ್ಲೂಕೋಸೂ ಆ ಬದಿಯ ಬೇರೊಂದು ಬಾಗಿಲಿನಿಂದ ರಕ್ತವನ್ನು ಸೇರುತ್ತದೆ. ಅವುಗಳ ಬೆನ್ನ ಹಿಂದೆಯೇ ನೀರು.

ಕ್ರೇನ್ ಅವರು ಚಿಂತಿಸುತ್ತಿದ್ದುದು ಸಕ್ಕರೆಯ ಪ್ರಯಾಣದ ವಿಚಾರವನ್ನು. ಕಾಲರಾ ಅವರ ವಿಷಯವಾಗಿರಲಿಲ್ಲ. ಆದರೂ ಕಾಲರಾದ ಬೀಗಕ್ಕೆ ಕೀಲಿಕೈ ಅಲ್ಲಿಯೇ ಇತ್ತು.

ಕಾಲರಾ ಮಾಡುವ ಕೇಡು

ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿ ಪ್ರತ್ಯೇಕಿಸಿ ತೋರಿಸಿದರು. ಅದು ಕೊಲ್ಲುವ ಬಗೆ ಮಾತ್ರ ಬಹುಕಾಲ ನಿಗೂಢವಾಗಿತ್ತು. ರೋಗಾಣು ಕರುಳಿನ ಒಳಮೈಯನ್ನೇ ತಿಂದುಹಾಕುತ್ತದೆಂದು ಅನೇಕರು ನಂಬಿದ್ದರು. ಹಾಗಿದ್ದರೆ ಬಾಯಿಂದ ಏನನ್ನು ಕುಡಿಸಿದರೂ ನಿಷ್ಫಲವೇ ಸರಿ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಡಾ. ಶಂಭುನಾಥ ಡೇ ಅವರು ಮೊಲಗಳ ಕರುಳಿನ ಮೇಲೆ ಪ್ರಯೋಗ ನಡೆಸಿ 1959ರಲ್ಲಿ ನಿಜಸ್ಥಿತಿಯನ್ನು ಹೊರಗೆಡಹಿದರು. ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನಷ್ಟೇ ಕರುಳಿಗೆ ಸೇರಿಸಿದರೂ ಕರುಳು ನೀರಿನಿಂದ ಉಬ್ಬಿಕೊಂಡಿತು. ರೋಗಾಣು ಸುರಿಸುವ ವಿಷವೇ ಅನಾಹುತಕ್ಕೆ ಕಾರಣ.

ಆ ವಿಷ ಕೋಶವನ್ನು ಕೊಲ್ಲುವುದಿಲ್ಲ. ಅದರ ಆಡಳಿತವನ್ನು ಮಾತ್ರ ಕೆಡಿಸುತ್ತದೆ. ಕೋಶದೊಳಗಿನ ಒಂದು ರಾಸಾಯನಿಕ ಸಂಕೇತ ಎಡೆಬಿಡದೆ ಮೊಳಗುವಂತಾಗಿ, ಕ್ಲೋರೈಡ್ ಕಣಗಳ ಬಾಗಿಲು ತೆರೆದದ್ದು ತೆರೆದಂತೆಯೇ ನಿಲ್ಲುತ್ತದೆ. ಕ್ಲೋರೈಡ್ ಕರುಳಿನ ಕೊಳವೆಯೊಳಕ್ಕೆ ಸುರಿಯುತ್ತದೆ. ಅದರ ಬೆನ್ನಿಗೆ ಸೋಡಿಯಂ. ಅವೆರಡರ ಬೆನ್ನಿಗೆ ನೀರು. ಉಪ್ಪು ಬಿದ್ದ ಸೌತೆಕಾಯಿಯಂತೆ ದೇಹ ನೀರು ಬಿಡತೊಡಗುತ್ತದೆ. ರೋಗ ತೀವ್ರವಾದರೆ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಟುಹೋಗಬಹುದು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದ ಮನುಷ್ಯನ ಕಣ್ಣು ಸಂಜೆಗೆ ಗುಳಿಬಿದ್ದು, ಚರ್ಮ ಸುಕ್ಕಾಗಿ, ನಾಡಿ ಸಿಕ್ಕದಂತಾಗುತ್ತದೆ. ಬರಿಯ ಉಪ್ಪುನೀರನ್ನು ಒಳಗೆ ಸೇರಿಸಿಕೊಳ್ಳುವ ಸಾಮಾನ್ಯ ದಾರಿಯನ್ನೂ ಆ ವಿಷ ಅಡ್ಡಗಟ್ಟುವುದರಿಂದ ಕುಡಿದ ನೀರು ದಕ್ಕುವುದಿಲ್ಲ.

ಆದರೆ ಒಂದು ಬಾಗಿಲನ್ನು ಆ ವಿಷ ಮುಟ್ಟಲಾರದು. ಉಪ್ಪೂ ಸಕ್ಕರೆಯೂ ಕೂಡಿ ಬಂದರೆ ತೆರೆಯುವ ಆ ಜೋಡಿ ಬಾಗಿಲು ಕಾಲರಾದ ನಡುವೆಯೂ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಹೊರಗೆ ಹರಿಯುವ ಪ್ರವಾಹವನ್ನು ಅದು ನಿಲ್ಲಿಸದು; ಭೇದಿ ಸ್ವಲ್ಪ ಕಾಲ ಆಗುತ್ತಲೇ ಇರುತ್ತದೆ. ಆದರೆ ಹೋದಷ್ಟನ್ನೂ ಮತ್ತೆ ತುಂಬಿಕೊಡಬಲ್ಲದು. ತೂತು ಮುಚ್ಚದಿದ್ದರೂ ಕೊಡ ಬರಿದಾಗದು. ಕೆಲವು ದಿನಗಳಲ್ಲಿ ವಿಷ ತಗುಲಿದ ಕೋಶಗಳು ಸಹಜವಾಗಿ ಉದುರಿ ಹೊಸವು ಹುಟ್ಟಿಕೊಳ್ಳುತ್ತವೆ. ಅಷ್ಟು ದಿನ ರೋಗಿಯನ್ನು ಒಣಗಗೊಡದೆ ಕಾಪಾಡಿದರೆ ಸಾಕು.

ಗುಟ್ಟು ತಿಳಿದ ಬಗೆ

ಈ ಅರಿವು ಒಮ್ಮೆಗೇ ಬಂದುದಲ್ಲ. 1832ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಅವರು ಸಾಯುವ ಸ್ಥಿತಿಯಲ್ಲಿದ್ದ ಕಾಲರಾ ರೋಗಿಗಳ ರಕ್ತನಾಳಕ್ಕೆ ಲವಣಜಲವನ್ನು ಹರಿಸಿ ಕೆಲವರನ್ನು ಬದುಕಿಸಿದ್ದರು. ಆ ಚಿಕಿತ್ಸೆ ಬೆಳೆದು ಉತ್ತಮಗೊಂಡರೂ ಅದಕ್ಕೆ ಆಸ್ಪತ್ರೆ, ಶುದ್ಧವಾದ ದ್ರಾವಣ, ನುರಿತ ಕೈ ಎಲ್ಲವೂ ಬೇಕು. ಕಾಲರಾ ಬರುವುದಾದರೋ ಇವೊಂದೂ ಇಲ್ಲದ ಕಡೆ.

ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ ಅವರು ಉಪ್ಪು ಗ್ಲೂಕೋಸುಗಳ ನೀರನ್ನು ಕುಡಿಸಿ, ರೋಗ ಅತಿ ತೀವ್ರವಲ್ಲದವರನ್ನು ಗುಣಪಡಿಸಿದ ವರದಿಯನ್ನು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಫಲಿಸುವುದೇಕೆಂಬ ವಿವರಣೆ ಆಗ ಇರಲಿಲ್ಲವಾಗಿ ಪ್ರಪಂಚ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1960ರ ದಶಕದಲ್ಲಿ ಅಮೆರಿಕದ ನೌಕಾದಳದ ವೈದ್ಯ ರಾಬರ್ಟ್ ಫಿಲಿಪ್ಸ್ ಅವರು, ಗ್ಲೂಕೋಸನ್ನು ಬೆರೆಸಿದಾಗ ಕಾಲರಾ ರೋಗಿಯ ಕರುಳು ಉಪ್ಪನ್ನೂ ನೀರನ್ನೂ ಹೀರುವುದನ್ನು ಕಂಡರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಷ್ ಎಂಬ ಇಬ್ಬರು ತರುಣ ವೈದ್ಯರು, ರೋಗಿ ಕಳೆದುಕೊಂಡಷ್ಟನ್ನೇ ಅಳೆದು ಕುಡಿಸುವ ಕ್ರಮದಿಂದ ಸಲೈನಿನ ಅಗತ್ಯವನ್ನು ಐದರಲ್ಲಿ ನಾಲ್ಕು ಪಾಲು ತಗ್ಗಿಸಬಹುದೆಂದು ತೋರಿಸಿದರು. ಕಲ್ಕತ್ತೆಯಲ್ಲಿಯೂ ಅದೇ ಕಾಲಕ್ಕೆ ಇಂಥ ಪ್ರಯೋಗಗಳು ನಡೆದವು.

ಇವೆಲ್ಲ ಆಸ್ಪತ್ರೆಯ ಶಿಸ್ತಿನಲ್ಲಿ, ವೈದ್ಯರ ಕಣ್ಣೆದುರಿನಲ್ಲಿ ನಡೆದ ಪರೀಕ್ಷೆಗಳು. ಓದುಬರಹ ಬಾರದ, ದಿಕ್ಕೆಟ್ಟ ಜನರ ಕೈಗೆ ಈ ಚಿಕಿತ್ಸೆಯನ್ನು ಒಪ್ಪಿಸಬಹುದೆ? ಯಾರೂ ಅಷ್ಟು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿರಲಿಲ್ಲ. ಬಂಗಾಂವ್‌ನಲ್ಲಿ ಮಹಲನೋಬಿಸ್ ಅವರ ಮುಂದೆ ಬೇರೆ ದಾರಿಯೇ ಉಳಿದಿರಲಿಲ್ಲ.

ನೂರಕ್ಕೆ ಮೂವತ್ತರಿಂದ ನಾಲ್ಕಕ್ಕೂ ಕಡಿಮೆ

ಕಲ್ಕತ್ತೆಯ ಕೇಂದ್ರದ ಪುಸ್ತಕಾಲಯದ ಕೋಣೆಯೇ ಕಾರ್ಖಾನೆಯಾಯಿತು. ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಎಂಬ ಲೆಕ್ಕದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿಗೆ ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿ ಮುಚ್ಚಿದರು. ಬಂಗಾಂವ್‌ನಲ್ಲಿ ಆ ಪುಡಿಯನ್ನು ಶುದ್ಧ ನೀರಿನಲ್ಲಿ ಕದಡಿ ನಲ್ಲಿಯಿದ್ದ ಪೀಪಾಯಿಗಳಲ್ಲಿ ತುಂಬಿಟ್ಟರು. ರೋಗಿಗಳ ಬಂಧುಗಳು ಲೋಟ, ಚೆಂಬು ಹಿಡಿದು ಬಂದು ತುಂಬಿಕೊಂಡು ಹೋಗಿ ತಮ್ಮವರಿಗೆ ಕುಡಿಸಿದರು. ನಾಡಿಯೇ ಸಿಗದಷ್ಟು ಬಳಲಿದವರಿಗೆ ಮಾತ್ರ ಉಳಿದಿದ್ದ ಸಲೈನನ್ನು ಕೊಟ್ಟು, ಅವರು ಕುಡಿಯುವ ಮಟ್ಟಕ್ಕೆ ಬಂದೊಡನೆ ಈ ನೀರಿಗೆ ಬದಲಾಯಿಸಿದರು.

ಅಂಥ ಶಿಬಿರಗಳಲ್ಲಿ ನೂರು ರೋಗಿಗಳಲ್ಲಿ ಮೂವತ್ತರವರೆಗೆ ಸಾಯುತ್ತಿದ್ದರು. ಎರಡು ತಿಂಗಳ ಅವಧಿಯಲ್ಲಿ ಈ ತಂಡ ನೋಡಿಕೊಂಡ ಸುಮಾರು 3,700 ರೋಗಿಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 3.6ಕ್ಕೆ ಇಳಿಯಿತು. ಒಂದು ಲೀಟರು ದ್ರಾವಣಕ್ಕೆ ತಗುಲಿದ ಖರ್ಚು ಆಗಿನ ಕಾಲದ 11 ಪೈಸೆ.

ದೂರದಲ್ಲಿದ್ದ ಪರಿಣತರು ಇದನ್ನು ಸುಲಭವಾಗಿ ನಂಬಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಬ್ಯಾಕ್ಟೀರಿಯ ರೋಗಗಳ ವಿಭಾಗದ ಹೊಣೆ ಹೊತ್ತಿದ್ದ ಡಾ. ಧೀಮಾನ್ ಬರುವಾ ಅವರು ಬಂಗಾಂವ್‌ಗೆ ಬಂದು ಕಣ್ಣಾರೆ ಕಂಡು, ಈ ಚಿಕಿತ್ಸೆಯ ಪರವಾಗಿ ವಾದಿಸತೊಡಗಿದರು. ಮಹಲನೋಬಿಸ್ ಅವರ ವರದಿ 1973ರಲ್ಲಿ ಅಚ್ಚಾಯಿತು. 1978ರಲ್ಲಿ, ಹಿಂದೆ ಚಟರ್ಜಿಯವರ ಲೇಖನವನ್ನು ಪ್ರಕಟಿಸಿದ್ದ ಅದೇ 'ಲ್ಯಾನ್ಸೆಟ್' ತನ್ನ ಸಂಪಾದಕೀಯದಲ್ಲಿ, ಕರುಳಿನಲ್ಲಿ ಸೋಡಿಯಮ್ಮೂ ಗ್ಲೂಕೋಸೂ ಜೊತೆಯಾಗಿ ಸಾಗುತ್ತವೆಂಬ ಅರಿವು ಆ ಶತಮಾನದ ವೈದ್ಯಕೀಯ ಸಾಧನೆಗಳಲ್ಲೆಲ್ಲ ಮುಖ್ಯವಾದುದಾಗಬಹುದೆಂದು ಹೊಗಳಿತು.

ಅಳತೆಯೇ ಔಷಧ

ಸಕ್ಕರೆ ಒಳ್ಳೆಯದಾದರೆ ಇನ್ನಷ್ಟು ಸಕ್ಕರೆ ಇನ್ನೂ ಒಳ್ಳೆಯದಲ್ಲವೆ? ಅಲ್ಲ. ಬಾಗಿಲುಗಳ ಸಂಖ್ಯೆಗೆ ಮಿತಿಯುಂಟು. ಒಳಗೆ ಹೋಗಲಾರದೆ ಕರುಳಿನಲ್ಲಿಯೇ ಉಳಿದ ಸಕ್ಕರೆ, ಅಭಿಸರಣದ ನಿಯಮದಂತೆ, ದೇಹದ ನೀರನ್ನೇ ತನ್ನತ್ತ ಸೆಳೆಯುತ್ತದೆ. ಭೇದಿ ಹೆಚ್ಚುತ್ತದೆ. ಬಾಟಲಿಯ ಸಿಹಿ ಪಾನೀಯಗಳೂ ಅತಿಸಿಹಿಯಾದ ಹಣ್ಣಿನ ರಸಗಳೂ ಭೇದಿಯಾದವರಿಗೆ ಹಿತವಲ್ಲವೆನ್ನುವುದು ಇದಕ್ಕಾಗಿಯೇ. ಅವುಗಳಲ್ಲಿ ಸಕ್ಕರೆ ಅತಿಯಾಗಿದೆ, ಉಪ್ಪು ಇಲ್ಲವೆಂಬಷ್ಟು ಕಡಿಮೆ. ಉಪ್ಪು ಮಿತಿಮೀರಿದರೆ ಇನ್ನೂ ಅಪಾಯ; ಎಳೆಯ ಮಕ್ಕಳ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಕೇಡಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 1975ರಲ್ಲಿ ಒಂದು ಅಳತೆಯನ್ನು ಗೊತ್ತುಮಾಡಿತು. ಭೇದಿಯಲ್ಲಿ ನಷ್ಟವಾಗುವ ಪೊಟ್ಯಾಸಿಯಮ್ಮನ್ನೂ ಅದರಲ್ಲಿ ಸೇರಿಸಿತು. ಬಹುಕಾಲದ ಪರೀಕ್ಷೆಗಳ ತರುವಾಯ 2002ರಲ್ಲಿ ದ್ರಾವಣವನ್ನು ಇನ್ನಷ್ಟು ತೆಳುಮಾಡಲಾಯಿತು. ಈಗಿನ ಅಳತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸೋಡಿಯಂ ಸಿಟ್ರೇಟು. ಇದರಲ್ಲಿ ಗ್ಲೂಕೋಸಿನ ಕಣಗಳೂ ಸೋಡಿಯಮ್ಮಿನ ಕಣಗಳೂ ಸಮಸಂಖ್ಯೆಯಲ್ಲಿವೆ. ದ್ರಾವಣದ ಒಟ್ಟು ಸಾಂದ್ರತೆ ರಕ್ತದ್ದಕ್ಕಿಂತ ತುಸು ಕಡಿಮೆಯಾದುದರಿಂದ ನೀರು ಒಳಕ್ಕೆ ಸುಲಭವಾಗಿ ಇಳಿಯುತ್ತದೆ. ಔಷಧದಂಗಡಿಗಳಲ್ಲಿ ಓ.ಆರ್.ಎಸ್. ಎಂಬ ಹೆಸರಿನಲ್ಲಿ ಸಿಗುವ ಪೊಟ್ಟಣ ಇದೇ. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟರಲ್ಲಿಯೇ ಕದಡಬೇಕು. ಮಗು ಸ್ವಲ್ಪವೇ ಕುಡಿಯುವುದೆಂದು ಅರ್ಧ ನೀರಿಗೆ ಇಡೀ ಪೊಟ್ಟಣವನ್ನು ಸುರಿಯುವುದು ಔಷಧವನ್ನು ವಿಷಮಾಡಿಕೊಂಡಂತೆ.

ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಕಾಲ ಹಳ್ಳಿಹಳ್ಳಿಗೆ ನಡೆದು, ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳ ತಾಯಂದಿರಿಗೆ ಈ ಅಳತೆಯನ್ನು ಕಲಿಸಿದರು. ಅವರ ತಕ್ಕಡಿ ಕೈಬೆರಳುಗಳೇ: ಮೂರು ಬೆರಳ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು.

ಮನೆಯಲ್ಲಿ ತಿಳಿದಿರಬೇಕಾದುದು

ಪೊಟ್ಟಣ ಸಿಗದಿದ್ದಾಗ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿ ಪೂರ್ತಿ ಕರಗಿಸಬೇಕು. ಚಮಚ ತಲೆ ಸವರಿದ ಅಳತೆಯದಾಗಿರಬೇಕು, ಗೋಪುರ ಕಟ್ಟಿದ್ದಾಗಬಾರದು. ಒಂದು ದಿನದ ಮೇಲೆ ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರು ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕೊಡಬೇಕು. ಎದೆಹಾಲನ್ನು ನಿಲ್ಲಿಸಕೂಡದು, ಆಹಾರವನ್ನೂ ನಿಲ್ಲಿಸಕೂಡದು. ಮಕ್ಕಳಿಗೆ ವೈದ್ಯರ ಸಲಹೆಯಂತೆ ಸತುವಿನ ಔಷಧವನ್ನೂ ಹತ್ತರಿಂದ ಹದಿನಾಲ್ಕು ದಿನ ಕೊಡುವುದು 2004ರಿಂದ ವಾಡಿಕೆಗೆ ಬಂದಿದೆ.

ಹೊಟ್ಟೆ ಕೆಟ್ಟಾಗ ಉಪ್ಪು ಹಾಕಿದ ಅಕ್ಕಿಯ ಗಂಜಿಯನ್ನು ಕೊಡುವ ಅಜ್ಜಿಯಂದಿರ ಪದ್ಧತಿಯ ಹಿಂದೆಯೂ ಇದೇ ತತ್ವವಿದೆ. ಗಂಜಿಯ ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲನೆ ಒಡೆದು ಗ್ಲೂಕೋಸಾಗುತ್ತದೆ. ಅದು ಉಪ್ಪಿನ ಕೈಹಿಡಿದು ಜೋಡಿ ಬಾಗಿಲನ್ನು ದಾಟುತ್ತದೆ. ಭೇದಿಯಾದಾಗ ಏನನ್ನೂ ಕೊಡದೆ ಹೊಟ್ಟೆಯನ್ನು ಒಣಗಿಸಬೇಕೆಂಬ ಇನ್ನೊಂದು ನಂಬಿಕೆ ಮಾತ್ರ ಅನೇಕ ಮಕ್ಕಳ ಪ್ರಾಣವನ್ನು ಕಳೆದಿದೆ.

ಕಣ್ಣು ಗುಳಿಬಿದ್ದರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ನುಂಗುವಷ್ಟು ಎಚ್ಚರವಿರುವ ಮಗುವಿಗೆ ಕುಡಿಸುತ್ತಿರಬೇಕು.

ದಿಲೀಪ್ ಮಹಲನೋಬಿಸ್ ಅವರು 2022ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ನಿಧನರಾದರು. ಮರುವರ್ಷ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು. ಅವರ ಚಿಕಿತ್ಸೆ ಕೋಟ್ಯಂತರ ಜೀವಗಳನ್ನು ಉಳಿಸಿದೆ. ಆದರೂ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿವರ್ಷ ಭೇದಿಯಿಂದ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿದೆ. ಈ ಮಕ್ಕಳಲ್ಲಿ ಬಹುಮಂದಿಯ ಕರುಳಿನಲ್ಲಿಯೂ ಆ ಜೋಡಿ ಬಾಗಿಲು ಕೊನೆಯವರೆಗೂ ಕೆಲಸ ಮಾಡಲು ಸಿದ್ಧವಾಗಿಯೇ ಇದ್ದಿರಬೇಕು. ಅದರ ಬಳಿಗೆ ಉಪ್ಪನ್ನೂ ಸಕ್ಕರೆಯನ್ನೂ ಒಟ್ಟಾಗಿ ಕಳುಹಿಸುವ ಕೈ ವೇಳೆಗೆ ಸರಿಯಾಗಿ ಒದಗಲಿಲ್ಲ. ಕಾಯಿಲೆಯ ಮಗುವಿನ ಪಕ್ಕದಲ್ಲಿ ಲೋಟವನ್ನೂ ಚಮಚವನ್ನೂ ಹಿಡಿದು ರಾತ್ರಿಯಿಡೀ ಕುಳಿತಿರುವ ತಾಯಿಯದು ಅಂಥ ಕೈ. ಅದಕ್ಕೆ ತಿಳಿದಿರಬೇಕಾದುದು ಅಳತೆಯೊಂದೇ.